ಒಂದು ಅಡಿಗೆ ಅರ್ಧ ಇಂಚು

ನನ್ನ ಹೆರಾಲ್ಡ್ ಕಾರಿನ ಮಾಡೆಲ್ ಮುಗಿಯಿತು. ಹದಿನಾಲ್ಕು ತಿಂಗಳು ಹಿಡಿಯಿತು. ಉದ್ದ 16 ಸೆಂಟಿಮೀಟರಿಗೆ ಚೂರು ಜಾಸ್ತಿ, ಅಗಲ ನನ್ನ ನಾಲ್ಕು ಬೆರಳಿನಷ್ಟು. ಇಷ್ಟು ಪುಟ್ಟ ಕಾರಿಗೆ ಎಷ್ಟೊಂದು ಜನ ಕೈ ಹಾಕಿದ್ದಾರೆ ಅಂತ ಲೆಕ್ಕ ಹಾಕಿದಾಗ, ಫೋನಿನಲ್ಲಿ ಒಂದು ಥ್ಯಾಂಕ್ಸ್ ಹೇಳಿ ಮುಗಿಸುವುದು ಸರಿಯಲ್ಲ ಅನ್ನಿಸಿತು. ಅದಕ್ಕೇ ಈ ಬರಹ. ಹೆಸರು ಹಾಕಬೇಡಿ ಅಂತ ಇಬ್ಬರು ಮೊದಲೇ ಹೇಳಿದ್ದಾರೆ. ಹಾಗಾಗಿ ಯಾರ ಹೆಸರೂ ಇಲ್ಲ. ಓದಿದವರಿಗೆ ಇದು ತಾವೇ ಅಂತ ಗೊತ್ತಾಗುತ್ತದೆ.

ಹೋದ ವರ್ಷ ಕಿಮೋ ಮುಗಿದಾಗ ಎಲ್ಲರೂ ನನ್ನ ಕೂದಲಿನ ವಿಷಯ ಕೇಳುತ್ತಿದ್ದರು. ನನಗೆ ಕೂದಲಿನ ಚಿಂತೆ ಇರಲಿಲ್ಲ. ಬೆರಳಿನದಿತ್ತು. ಕೆಲವು ಕಿಮೋ ಔಷಧಿಗಳು ನರಗಳಿಗೆ ಪೆಟ್ಟು ಕೊಡುತ್ತವೆ. ಬೆರಳ ತುದಿಯೆಲ್ಲ ಯಾವಾಗಲೂ ಜೋಮು ಹಿಡಿದ ಹಾಗೆ. ಬ್ಲೌಸಿನ ಹುಕ್ಕು ಹಾಕಲಾಗದು, ಮಾತ್ರೆ ಹಿಡಿದರೆ ಜಾರುವುದು. ಮೂವತ್ತು ವರ್ಷ ಚಾಕ್‌ಪೀಸ್ ಹಿಡಿದು ಗಣಿತ ಕಲಿಸಿದ ಕೈ ಇದು. ಹೆಸರುಕಾಳು, ಅಲಸಂದೆ ಬೆರೆಸಿ ಆರಿಸಿ ಅಂತ ಫಿಸಿಯೋಥೆರಪಿ ಹುಡುಗಿ ಹೇಳಿದಳು. ಮೂರು ದಿನ ಆರಿಸಿದೆ. ನಾಲ್ಕನೇ ದಿನ ಎರಡೂ ಸೇರಿಸಿ ಉಸಲಿ ಮಾಡಿಬಿಟ್ಟೆ.

ಕಾರು ಕಟ್ಟಿದ್ದರಿಂದ ಬೆರಳು ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಕಾಲ ಕಳೆದಂತೆ ಕಡಿಮೆಯಾಗಬಹುದು ಅಂತ ಡಾಕ್ಟರು ಹೇಳಿದ್ದರು. ಆ ಕಾಲ ಕಳೆಯುವುದಕ್ಕೆ ಏನಾದರೂ ಬೇಕಿತ್ತು, ಅಷ್ಟೇ.

ಮೈಸೂರಿನ ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬರು ತಾತ ಇದ್ದಾರೆ. ಅವರ ಮನೆ ಮುಂದೆ ಟಾರ್ಪಾಲು ಹೊದ್ದ ಒಂದು ಕಾರು. ಸಂಜೆ ವಾಕಿಂಗಿಗೆ ಹೋದಾಗ ಒಂದು ದಿನ ಟಾರ್ಪಾಲು ತೆಗೆದಿತ್ತು. ಸ್ಟಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿನದು. ಬಾನೆಟ್ ಅಂದರೆ ಬರೀ ಮುಚ್ಚಳ ಅಲ್ಲ. ಹೆಡ್‌ಲೈಟು, ಎರಡೂ ಮಡ್‌ಗಾರ್ಡು ಎಲ್ಲ ಸೇರಿ ಕಾರಿನ ಇಡೀ ಮೂತಿಯೇ ಮುಂದಕ್ಕೆ ಬಗ್ಗಿತ್ತು. ತಾತ ಮುಂದಿನ ಟೈರಿನ ಮೇಲೆ ಆರಾಮಾಗಿ ಕೂತು ಕಾರ್ಬುರೇಟರ್ ತಿರುಗಿಸುತ್ತಿದ್ದರು. ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸುವ ಹಾಗೆ! "ಹತ್ತಿರ ಬನ್ನಿ ಟೀಚರಮ್ಮ, ಇದು ಕಚ್ಚಲ್ಲ" ಅಂದರು.

ಮೊದಲ ಥ್ಯಾಂಕ್ಸ್ ಅವರಿಗೆ. ಹೆರಾಲ್ಡ್ ಕಥೆಯನ್ನು ನನಗೆ ಹೇಳಿದ್ದು ಅವರೇ. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಅಂತ 1959ರಲ್ಲಿ ಬಂತು. ರೂಪ ಕೊಟ್ಟವರು ಇಟಲಿಯ ಜೊವಾನಿ ಮಿಕೆಲೊಟ್ಟಿ. 1961ರಿಂದ ಮದ್ರಾಸಿನಲ್ಲಿ ಸ್ಟಾಂಡರ್ಡ್ ಹೆರಾಲ್ಡ್ ಅನ್ನುವ ಹೆಸರಿನಲ್ಲಿ ತಯಾರಾಯಿತು. ನಾಲ್ಕು ಬಾಗಿಲಿನದು ಆಮೇಲೆ ಬಂದಿದ್ದು, ಅದು ನಮ್ಮ ದೇಶದಲ್ಲಿ ಮಾತ್ರ. ಆ ಕಾಲಕ್ಕೆ ಬೇರೆ ಕಾರುಗಳು ಬಾಡಿ, ಚಾಸಿ (ಅಂದರೆ ಕೆಳಗಿನ ಚೌಕಟ್ಟು) ಎರಡೂ ಒಂದೇ ಆಗಿ ಬರತೊಡಗಿದ್ದರೂ ಹೆರಾಲ್ಡಿಗೆ ಮಾತ್ರ ಬೇರೆ ಚಾಸಿ. ಯಾಕೆ ಗೊತ್ತಾ? ಇಂಗ್ಲೆಂಡಿನ ಕಂಪನಿಗೆ ಬಾಡಿ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು ಎದುರಾಳಿ ಕಂಪನಿ ಕೊಂಡುಬಿಟ್ಟಿತ್ತು. ಇಡೀ ಬಾಡಿ ಒಂದೇ ಕಡೆ ಮಾಡಿಸಲು ದಾರಿ ಇಲ್ಲದೆ ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ, ಬೋಲ್ಟ್ ಹಾಕಿ ಜೋಡಿಸಿದರು. ಅಂದರೆ ನಿಜವಾದ ಕಾರೇ ಒಂದು ಮಾಡೆಲ್ ಕಿಟ್ಟಿನ ಹಾಗೆ. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂಗಡಿಯಲ್ಲಿ ಅಂಬಾಸಿಡರ್ ಆಟಿಕೆ ಬೇಕಾದಷ್ಟು ಸಿಗುತ್ತದೆ. ಹೆರಾಲ್ಡ್ ಕೇಳಿದರೆ ಅಂಗಡಿಯವರು ನನ್ನ ಮುಖ ನೋಡಿದರು. ಸರಿ, ನಾನೇ ಮಾಡುವುದು ಅಂತಾಯಿತು. ಅಳತೆ 1:24. ಇದರಲ್ಲೊಂದು ಸುಖ ಇದೆ. ನಿಜವಾದ ಕಾರಿನ ಒಂದು ಅಡಿ ಮಾಡೆಲ್ಲಿನಲ್ಲಿ ಸರಿಯಾಗಿ ಅರ್ಧ ಇಂಚು. ಏಳನೇ ಕ್ಲಾಸಿನ ಅನುಪಾತದ ಪಾಠ ಇದು. ಮಕ್ಕಳಿಗೆ ಆಗ ಹೀಗೆ ಕಲಿಸಬೇಕಿತ್ತು, ಸುಮ್ನೆ ಮಾವಿನಹಣ್ಣು ಹಂಚಿಸಿದೆ.

ಅಳತೆ ತೆಗೆಯಲು ಎದುರುಮನೆ ಟೈಲರಕ್ಕ ಟೇಪು ಕೊಟ್ಟು ತಾನೂ ಬಂದಳು. ಅವಳ ಟೇಪು 60 ಇಂಚಿನದು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 91 ಚಿಲ್ಲರೆ ಇಂಚು. ಎರಡು ಸಲ ಹಿಡಿಯಬೇಕಾಯಿತು. ಬಾಗಿದ ಕಡೆ ದಾರ ಅಂಟಿಸಿ, ಆಮೇಲೆ ದಾರ ಅಳೆದಳು. "ಇದಕ್ಕೆ ಸೊಂಟ ಚೆನ್ನಾಗಿದೆ ಮೇಡಂ" ಅಂತ ಸರ್ಟಿಫಿಕೇಟೂ ಕೊಟ್ಟಳು. ನಾನು ಬರೆದುಕೊಂಡೆ. ಅಕ್ಷರ ಓದುವ ಹಾಗಿರಲಿಲ್ಲ. ಮನೆಗೆ ಬಂದು ಅವಳೇ ಇನ್ನೊಂದು ಸಲ ನೀಟಾಗಿ ಬರೆದುಕೊಟ್ಟಳು.

ಬಾಡಿಗೆ ಪ್ಲಾಸ್ಟಿಕ್ ಹಾಳೆ ಹುಡುಕುತ್ತಿದ್ದಾಗ ನಮ್ಮ ಮನೆಯವರು ಹಳೆಯ ಎಟಿಎಂ ಕಾರ್ಡುಗಳ ಕಟ್ಟು ತಂದಿಟ್ಟರು. ಯಾವುದನ್ನೂ ಬಿಸಾಡದ ಮನುಷ್ಯ, ಮೂವತ್ತು ವರ್ಷ ಇದೇ ವಿಷಯಕ್ಕೆ ಜಗಳ ಆಡಿದ್ದೇನೆ. ಮಾತು ವಾಪಸ್ ತಗೊಂಡಿದ್ದೇನೆ. ಕಾರ್ಡಿನ ದಪ್ಪ ಮುಕ್ಕಾಲು ಮಿಲಿಮೀಟರ್, ಬಾಗಿಲಿಗೆ ಹೇಳಿ ಮಾಡಿಸಿದ ಹಾಗೆ. ಕುದಿಯುವ ನೀರಿಗೆ ಅದ್ದಿ ತೆಗೆದರೆ ಮೆತ್ತಗಾಗುತ್ತದೆ. ಲಟ್ಟಣಿಗೆ ಮೇಲೆ ಒತ್ತಿ ಹಿಡಿದರೆ ಟಾಪು ಬಾಗುತ್ತದೆ. ಬಿಸಿ ತಾಕುವುದು ನನಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ನೀರಿಗೆ ಅದ್ದುವ ಕೆಲಸ ಅವರದು, ಒತ್ತುವುದು ನನ್ನದು. ಟಾಪು ಆರನೇ ಸಲಕ್ಕೆ ಬಂತು.

ಗಾಜು ಮೂರು ಸಲ ಹಾಳಾಯಿತು. ಶರ್ಟಿನ ಡಬ್ಬದ ಪಾರದರ್ಶಕ ಹಾಳೆಯನ್ನು ಸೂಪರ್ ಗ್ಲೂನಲ್ಲಿ ಅಂಟಿಸಿದೆ. ಬೆಳಗ್ಗೆ ನೋಡಿದರೆ ಗಾಜಿನ ಮೇಲೆಲ್ಲ ಊಟಿಯ ಮಂಜು. ಆ ಅಂಟಿನ ಹಬೆ ಬೆಳ್ಳಗೆ ಕೂರುತ್ತದೆ ಅಂತ ಹೇಳಿದ್ದು ಸ್ಟೇಷನರಿ ಅಂಗಡಿ ಹುಡುಗ. ಫೆವಿಕಾಲ್ ಹಾಕಿ ಆಂಟಿ, ಒಣಗಿದ ಮೇಲೆ ಕಾಣಲ್ಲ ಅಂದ. ಅಷ್ಟು ಸಲೀಸಾದ ಉತ್ತರ.

ಚಕ್ರಗಳು ಚನ್ನಪಟ್ಟಣದವು. ಅಲ್ಲಿ ಆಲೆ ಮರವನ್ನು ಲೇತ್‌ನಲ್ಲಿ ತಿರುಗಿಸುತ್ತಾ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ಕೇದಿಗೆ ಎಲೆಯಲ್ಲಿ ಉಜ್ಜಿದರೆ ಕನ್ನಡಿ ಹೊಳಪು. ಒಂದು ಇಂಚಿಗೂ ಕಡಿಮೆ ಅಳತೆಯ ಚಕ್ರ, ಸ್ಟೆಪ್ನಿ ಸೇರಿ ಐದು ಬೇಕು, ಐದೂ ಒಂದೇ ಥರ ಇರಬೇಕು ಅಂದೆ. ಆ ಕುಶಲಕರ್ಮಿ ನಕ್ಕು, ಅರ್ಧ ಗಂಟೆಯಲ್ಲಿ ಮಾಡಿಕೊಟ್ಟರು. ದುಡ್ಡು ಎಷ್ಟು ಕೊಟ್ಟರೂ ಬೇಡ ಅಂದರು.

ಅದರಲ್ಲೊಂದನ್ನು ಹಾಳು ಮಾಡಿದ್ದು ನಾನು. ಸೋಂಕಿನ ಭಯಕ್ಕೆ ಆಗೆಲ್ಲ ಹತ್ತು ನಿಮಿಷಕ್ಕೊಂದು ಸಲ ಸ್ಯಾನಿಟೈಸರ್ ಹಚ್ಚುತ್ತಿದ್ದೆ. ಅದು ಆರುವ ಮೊದಲೇ ಒಂದು ಚಕ್ರ ಎತ್ತಿಕೊಂಡೆ. ಅರಗು ಆಲ್ಕೋಹಾಲಿಗೆ ಕರಗುತ್ತದೆ ಅನ್ನುವುದು ತಲೆಗೆ ಹೋಗಲೇ ಇಲ್ಲ. ಅಂಟುತ್ತಿರುವುದೂ ಬೆರಳಿಗೆ ಗೊತ್ತಾಗಲಿಲ್ಲ. ಕೆಳಗಿಟ್ಟಾಗ ಚಕ್ರದ ಮೇಲೆ ನನ್ನ ಹೆಬ್ಬೆಟ್ಟು ಅಚ್ಚಾಗಿತ್ತು. ಅವತ್ತು ಅತ್ತೆ. ಕಾಯಿಲೆಗೂ ಅಷ್ಟು ಅತ್ತಿರಲಿಲ್ಲ. ಚನ್ನಪಟ್ಟಣಕ್ಕೆ ಫೋನ್ ಮಾಡಿದೆ. "ಅಳಬೇಡಿ ತಾಯಿ, ಬಸ್ಸಿಗೆ ಹಾಕಿ ಕಳಿಸ್ತೀನಿ" ಅಂದರು. ಕಳಿಸಿದರು.

ಗ್ಯಾರೇಜಿನ ಮೇಸ್ತ್ರಿಗೆ ಬೇರೆಯೇ ಥ್ಯಾಂಕ್ಸ್ ಹೇಳಬೇಕು, ಬೈದಿದ್ದಕ್ಕೆ. ಹಿಂದಿನ ಚಕ್ರಗಳನ್ನು ಸ್ಕೇಲ್ ಇಟ್ಟು ನೆಟ್ಟಗೆ ಕೂರಿಸಿ ಹೆಮ್ಮೆಯಿಂದ ತೋರಿಸಲು ಹೋಗಿದ್ದೆ. "ಹೀಗೆ ಸಾವಧಾನ್ ಪೊಸಿಷನ್‌ನಲ್ಲಿ ನಿಂತ್ರೆ ಅದು ಹೆರಾಲ್ಡ್ ಅಲ್ಲಮ್ಮ" ಅಂದರು. ಹೆರಾಲ್ಡಿನ ಹಿಂದೆ ಅಡ್ಡಕ್ಕೆ ಒಂದೇ ಸ್ಪ್ರಿಂಗ್ ಪಟ್ಟಾ. ಎರಡೂ ಕಡೆಯ ಆಕ್ಸಲ್ಲು ಬೇರೆ ಬೇರೆಯಾಗಿ ರೆಕ್ಕೆಯ ಹಾಗೆ ಮೇಲೆ ಕೆಳಗೆ ಆಡುತ್ತದೆ. ಜಾಕ್ ಹಾಕಿ ಎತ್ತಿದರೆ ಚಕ್ರದ ಬುಡ ಒಳಗೆ ಮಡಚುತ್ತದೆ. ಜನ ತುಂಬಿದರೆ ಚಕ್ರದ ತಲೆ ಒಳಕ್ಕೆ ವಾಲುತ್ತದೆ. "ಎಷ್ಟು ಜನ ಕೂತಿದ್ದಾರೆ ನಿಮ್ಮ ಗಾಡೀಲಿ, ಮೊದಲು ಅದು ಹೇಳಿ" ಅಂದರು. ಮನೆಗೆ ಬಂದು ಆಕ್ಸಲ್ ಕಿತ್ತೆ. ನನ್ನ ಹೆರಾಲ್ಡಿನಲ್ಲಿ ಈಗ ನಾಲ್ಕು ಜನ ಇದ್ದಾರೆ. ಕಾಣುವುದಿಲ್ಲ, ಚಕ್ರ ನೋಡಿದರೆ ಗೊತ್ತಾಗುತ್ತದೆ.

ಅದೇ ಗ್ಯಾರೇಜಿನ ಪೇಂಟರ್ ಅಣ್ಣ ಮಳೆಗಾಲ ಪೂರ್ತಿ ನನ್ನ ಕಾರು ಮುಟ್ಟಲಿಲ್ಲ. ಥಂಡಿ ಹವೆಯಲ್ಲಿ ಸ್ಪ್ರೇ ಹೊಡೆದರೆ ಪೇಂಟ್ ಮಬ್ಬಾಗುತ್ತದಂತೆ. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಕರೆದು, ಯಾರದೋ ದೊಡ್ಡ ಕಾರಿಗೆ ಹೊಡೆದು ಉಳಿದ ತಿಳಿನೀಲಿಯನ್ನು ತೆಳ್ಳಗೆ ಮಾಡಿ ಮೂರು ಕೋಟು ಹೊಡೆದರು. ಟಾಪು ಕ್ರೀಮ್ ಬಣ್ಣ. ಕ್ರೋಮ್ ಬೀಡಿಂಗು ಮಾತ್ರ ನಾನೇ ಅಂಟಿಸಿದೆ, ಚಾಕಲೇಟಿನ ಬೆಳ್ಳಿ ಕಾಗದ ಸೀಳಿ. ಒಂದು ಮಿಲಿಮೀಟರ್ ಅಗಲದ ಪಟ್ಟಿ ಬೆರಳಿಗೆ ಸಿಕ್ಕಿತು. ಸಿಕ್ಕಿದ್ದು ಗೊತ್ತೂ ಆಯಿತು. ಅವತ್ತು ಯಾರಿಗೂ ಹೇಳಲಿಲ್ಲ. ಸುಮ್ಮನೆ ಇನ್ನೊಂದು ಪಟ್ಟಿ ಸೀಳಿದೆ.

"ಈ ವಯಸ್ಸಿನಲ್ಲಿ ಆಟಿಕೆನಾ?" ಅಂತ ಕೇಳಿದ ನೆಂಟರಿಗೂ ಥ್ಯಾಂಕ್ಸ್. ಆ ಕೋಪದಲ್ಲೇ ಗ್ರಿಲ್ ಮುಗಿಯಿತು. ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಕಾರು ಮ್ಯೂಸಿಯಂನಲ್ಲಿ ಒಂದೊಂದು ಕಾರಿನ ಮುಂದೆಯೂ ಹತ್ತು ಹತ್ತು ನಿಮಿಷ ಬಗ್ಗಿ ನಿಂತಾಗ ತಾಳ್ಮೆಯಿಂದ ನನ್ನ ಬ್ಯಾಗು ಹಿಡಿದಿದ್ದ ಮಗಳಿಗೂ.

ಕಳೆದ ಭಾನುವಾರ ಬೆಳಗ್ಗೆ ತಾತನ ಮನೆಗೆ ಹೋದೆ. ಟೈಲರಕ್ಕ, ಮೇಸ್ತ್ರಿ, ಪೇಂಟರ್ ಅಣ್ಣ, ಅಂಗಡಿ ಹುಡುಗ ಎಲ್ಲ ಬಂದಿದ್ದರು. ದೊಡ್ಡ ಹೆರಾಲ್ಡಿನ ಬಾನೆಟ್ ಮೇಲೆ ಸಣ್ಣ ಹೆರಾಲ್ಡ್ ಇಟ್ಟೆವು. ದೊಡ್ಡದು 25 ಅಡಿ ಜಾಗದಲ್ಲಿ ಪೂರ್ತಿ ತಿರುಗುತ್ತದೆ. ಆ ಕಾಲಕ್ಕೆ ಅದೇ ಅದರ ಹೆಗ್ಗಳಿಕೆ. ಸಣ್ಣದಕ್ಕೆ ಊಟದ ತಟ್ಟೆಯಷ್ಟು ಜಾಗ ಸಾಕು. ತಾತ ಸೊಸೆಯಿಂದ ತಟ್ಟೆ ತರಿಸಿ ತಿರುಗಿಸಿಯೇ ನೋಡಿದರು. ಆಮೇಲೆ ಕನ್ನಡಕ ಏರಿಸಿ ಬಾನೆಟ್ ಬಗ್ಗಿಸಿದರು, ಬಾಗಿಲು ತೆಗೆದರು, ಹಿಂದಿನ ಚಕ್ರ ನೋಡಿ ತಲೆ ಆಡಿಸಿದರು.

"ಎಲ್ಲಾ ಸರಿ. ಸ್ಟೆಪ್ನಿ ಎಲ್ಲಿ?"

ಡಿಕ್ಕಿ ತೆಗೆದು ಹೆಬ್ಬೆಟ್ಟು ಅಚ್ಚಾಗಿದ್ದ ಚಕ್ರವನ್ನು ಅವರ ಅಂಗೈ ಮೇಲೆ ಇಟ್ಟೆ. ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು.

"ಪಂಚರ್ ಆಗಿದೆಯಲ್ಲಮ್ಮ" ಅಂದರು.