ಸೆಂಟ್ರಲ್ ಕಾಲೇಜಿನ ಹಳೆ ಕಟ್ಟಡದ ಬಗ್ಗೆ ಅಕ್ಕಪಕ್ಕದವರ ಮನವಿ

ಇವರಿಗೆ,
ಆಯುಕ್ತರು,
ಬೆಂಗಳೂರು ಕೇಂದ್ರ ನಗರ ಪಾಲಿಕೆ, ಬೆಂಗಳೂರು

ವಿಷಯ: ಸೆಂಟ್ರಲ್ ಕಾಲೇಜಿನ ಗಡಿಯಾರ ಗೋಪುರದ ಕಟ್ಟಡದ ಬಳಕೆ ಬದಲಿಸುವ ಮುನ್ನ ಸಾರ್ವಜನಿಕರನ್ನು ಕೇಳುವ ಕುರಿತು.

ಮಾನ್ಯರೇ,

ಮೆಟ್ರೋ ನಿಲ್ದಾಣದ ಬೋರ್ಡಿನಲ್ಲಿ ಸೆಂಟ್ರಲ್ ಕಾಲೇಜು ಇನ್ನೂ ಇದೆ. ಒಳಗೆ ಹೋದರೆ ಆ ಕಾಲೇಜು ಇಲ್ಲ, ವಿಶ್ವವಿದ್ಯಾಲಯ ಇದೆ. ಇದಕ್ಕೆ ನಮ್ಮ ತಕರಾರಿಲ್ಲ. 1858ರಲ್ಲಿ ಹೈಸ್ಕೂಲಾಗಿ ಶುರುವಾದ ಸಂಸ್ಥೆ ಇದು. ಕಾಲೇಜಾದ ಮೇಲೆ ಮೊದಲು ಮದ್ರಾಸ್ ವಿಶ್ವವಿದ್ಯಾಲಯಕ್ಕೆ, ಆಮೇಲೆ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತು. ವಿಶ್ವೇಶ್ವರಯ್ಯನವರು, ರಾಜಾಜಿಯವರು ಓದಿದ್ದು ಇಲ್ಲೇ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದೂ ಈ ಕಾಲೇಜನ್ನು, ಕೆ.ಆರ್. ಸರ್ಕಲ್ಲಿನ ಎಂಜಿನಿಯರಿಂಗ್ ಕಾಲೇಜನ್ನು ಸೇರಿಸಿಕೊಂಡೇ. ಮುಂದೆ ಆ ವಿಶ್ವವಿದ್ಯಾಲಯದ ಹೊಸ ಆವರಣ ಜ್ಞಾನಭಾರತಿ ಬಂತು, ಎಷ್ಟೋ ವಿಭಾಗಗಳು ಅತ್ತ ಹೋದವು. 2017ರಲ್ಲಿ ವಿಶ್ವವಿದ್ಯಾಲಯ ಒಡೆದಾಗ ಇಲ್ಲಿ ಬೇರೆಯದೇ ವಿಶ್ವವಿದ್ಯಾಲಯ ಬಂತು. ರಣಜಿ ಪಂದ್ಯಗಳು ನಡೆದ ಮೈದಾನವೂ ಇದೇ ಆವರಣದ್ದು.

ಬಳಕೆ ಬದಲಾಗಲಿ. ನಮಗೆ ಹೆದರಿಕೆ ಇರುವುದು ರಿಪೇರಿ ಕೆಲಸದ ಬಗ್ಗೆ. ಆ ಕಾಲದ ಗೋಡೆಗಳು ಸುಣ್ಣದ ಗಾರೆಯವು, ಒಳಗಿನ ತೇವ ಹೊರಗೆ ಆರಿಹೋಗಬೇಕು. ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ನಿಂತು ಕಲ್ಲು, ಇಟ್ಟಿಗೆ ಹಾಳಾಗುತ್ತವೆ. ಎಸಿಗೆ ತೂತು, ಪ್ಲೈವುಡ್ ಗೋಡೆ, ಫಾಲ್ಸ್ ಸೀಲಿಂಗ್, ಇವೆಲ್ಲ ಪ್ರತಿ ಹೊಸ ಆಫೀಸಿನ ಜೊತೆ ಬರುವ ಖಾಯಿಲೆಗಳು. ಹಳೆ ಕಟ್ಟಡವನ್ನು ಬೀಗ ಹಾಕಿ ಬಿಟ್ಟರಂತೂ ಇನ್ನೂ ಬೇಗ ಹಾಳು.

ಕಟ್ಟಡ ಪಾಲಿಕೆಯದಲ್ಲ ಅಂತ ಗೊತ್ತು. ಆದರೆ ಸುತ್ತಲಿನ ಕೆಲಸಗಳಲ್ಲಿ ತಮ್ಮ ಮಾತು ನಡೆಯುತ್ತದೆ ಅಲ್ವಾ? ಹಾಗಾಗಿ ಇಷ್ಟು ಕೇಳುತ್ತೇವೆ: ಬಳಕೆ ಬದಲಿಸುವ ಪ್ರಸ್ತಾಪ ಬಂದರೆ ಗೇಟಿನ ಬಳಿ ಕನ್ನಡದಲ್ಲಿ ನೋಟಿಸ್ ಹಾಕಿಸಿ, ವಾರ್ಡ್ ಸಮಿತಿಯಲ್ಲಿ ಚರ್ಚೆಗಿಡಿ. ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಸಲಹೆ ಬರುವವರೆಗೆ ಯಾರೂ ಗೋಡೆ ಮುಟ್ಟದಂತೆ ವಿಶ್ವವಿದ್ಯಾಲಯಕ್ಕೆ ಬರೆಯಿರಿ. ಭಾನುವಾರ ಒಂದೆರಡು ಗಂಟೆ ಜನ ಒಳಗೆ ಹೋಗಿ ನೋಡುವ ಹಾಗಾದರೆ ತುಂಬ ಒಳ್ಳೆಯದು. ಈಗ ರಸ್ತೆಯಿಂದಲೇ ಗೋಪುರ ನೋಡಿ ಸುಮ್ನೆ ಹೋಗುವವರೇ ಜಾಸ್ತಿ.

ತಮ್ಮ ಉತ್ತರವನ್ನು ಬರಹದಲ್ಲಿ ಕೊಡಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಗಾಂಧಿನಗರ, ವಸಂತನಗರ ಸುತ್ತಿನ ನಿವಾಸಿಗಳು
(ಸಹಿಗಳ ಹಾಳೆ ಲಗತ್ತಿಸಿದೆ)