ಬೊಜ್ಜಿನ ಮಾತೆತ್ತಿದರೆ ನಗುವ ಇಲಾಖೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಮುಟ್ಟು ನಿಂತ ಮೇಲೆ ಸ್ತನ ಕ್ಯಾನ್ಸರಿಗೆ ತುತ್ತಾಗಿ, ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಎಲ್ಲ ಮುಗಿಸಿ, ಈಗ ದಿನಕ್ಕೊಂದು ಲೆಟ್ರೋಜೋಲ್ ಮಾತ್ರೆ ನುಂಗುತ್ತಿರುವ ಹೆಂಗಸು ನಾನು. ಆಸ್ಪತ್ರೆಗೆ ಹೋದಾಗಲೆಲ್ಲ ತೂಕ ನೋಡುತ್ತಾರೆ, ಕಡತದಲ್ಲಿ ಬರೆಯುತ್ತಾರೆ, ಮುಂದಿನವರನ್ನು ಕರೆಯುತ್ತಾರೆ. ಆ ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೂ ಯಾರೂ ತುಟಿ ಬಿಚ್ಚಲಿಲ್ಲ. ಅದಕ್ಕೂ ನನ್ನ ಕಾಯಿಲೆಗೂ ನಂಟಿದೆ ಎಂಬುದನ್ನು ಕೊನೆಗೆ ನಾನೇ ಓದಿ ತಿಳಿದುಕೊಳ್ಳಬೇಕಾಯಿತು.

ಇದನ್ನೂ ಸಹಿಸಿಕೊಂಡು ಸುಮ್ಮನಿದ್ದೆ. ಪತ್ರ ಬರೆಯುವಂತೆ ಮಾಡಿದ್ದು ನಿಮ್ಮ ಇಲಾಖೆ ನಡೆಸಿದ ಜಾಗೃತಿ ಸಭೆ. ಅಕ್ಟೋಬರ್ ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳು, ಆದ್ದರಿಂದ ವೇದಿಕೆಯ ತುಂಬ ಗುಲಾಬಿ ಬಣ್ಣ. ಗಂಟು ಇದೆಯೇ ಮುಟ್ಟಿ ನೋಡಿಕೊಳ್ಳಿ, ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಮಾಡಿಸಿಕೊಳ್ಳಿ ಎಂಬ ಎರಡೇ ಮಾತುಗಳನ್ನು ಬಂದವರೆಲ್ಲ ತಿರುಗಿಸಿ ಮುರುಗಿಸಿ ಹೇಳಿದರು. ಪ್ರಶ್ನೆ ಕೇಳಬಹುದು ಎಂದಾಗ ಎದ್ದು ನಿಂತೆ. ಮುಟ್ಟು ನಿಂತ ಮೇಲೆ ಮೈಗೆ ಸೇರುವ ಬೊಜ್ಜಿನಿಂದ ಈ ರೋಗದ ಅಪಾಯ ಹೆಚ್ಚುತ್ತದಲ್ಲ, ಅದನ್ನು ನಮಗೇಕೆ ಯಾರೂ ಹೇಳುವುದಿಲ್ಲ ಎಂದು ಕೇಳಿದೆ. ವೇದಿಕೆಯಲ್ಲಿದ್ದ ಅಧಿಕಾರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅದಕ್ಕೆ ಸರ್ಕಾರ ಏನು ಮಾಡಬೇಕಮ್ಮಾ? ನೀವು ಬಾಯಿಗೆ ಬೀಗ ಹಾಕಿಕೊಳ್ಳಿ" ಎಂದರು. ಸಭೆ ಗೊಳ್ಳೆಂದು ನಕ್ಕಿತು. ಕೀಮೋದಿಂದ ಕೂದಲು ಉದುರಿ ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ಹೆಣ್ಣುಮಕ್ಕಳೂ ನಕ್ಕರು. ಮೈಕನ್ನು ನನ್ನ ಕೈಯಿಂದ ತೆಗೆದುಕೊಂಡರು. ಕೊನೆಯಲ್ಲಿ ವಂದನಾರ್ಪಣೆ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಆ ಮಹನೀಯರಿಗೆ ಗೊತ್ತಿಲ್ಲದಿರಬಹುದು. ನಿಮಗೆ ಗೊತ್ತಿರಲೇಬೇಕು. ಮುಟ್ಟು ನಿಂತ ಮೇಲೆ ಅಂಡಾಶಯಗಳು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ತಯಾರಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸುತ್ತವೆ. ಆಮೇಲೆ ಆ ಕೆಲಸ ಬಹುಪಾಲು ಕೊಬ್ಬಿನ ಅಂಗಾಂಶದ್ದು. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಬರುವ ಆಂಡ್ರೋಜನ್ ಎಂಬ ಗಂಡು ಹಾರ್ಮೋನುಗಳನ್ನು ಕೊಬ್ಬಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ. ಕೊಬ್ಬು ಹೆಚ್ಚಿದಷ್ಟೂ ಈ ಕಾರ್ಖಾನೆ ದೊಡ್ಡದಾಗುತ್ತದೆ. ಊದಿಕೊಂಡ ಕೊಬ್ಬಿನ ಕೋಶಗಳು ಸತ್ತಾಗ ಅವುಗಳ ಸುತ್ತ ರೋಗನಿರೋಧಕ ಕೋಶಗಳು ಮುತ್ತಿಕೊಂಡು ಉರಿಯೂತ ಹುಟ್ಟಿಸುತ್ತವೆ, ಅದು ಅರೋಮಟೇಸನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಈಸ್ಟ್ರೋಜನ್ನಿನಿಂದ ಬೆಳೆಯುವ ಗಡ್ಡೆಗೆ ಇದಕ್ಕಿಂತ ಅನುಕೂಲ ಬೇಕೇ?

ನಾನು ನುಂಗುವ ಲೆಟ್ರೋಜೋಲ್ ಮಾಡುವ ಕೆಲಸವೇ ಈ ಅರೋಮಟೇಸನ್ನು ತಡೆಯುವುದು. ಅಂದರೆ ಕೊಬ್ಬಿನಲ್ಲಿ ಹುಟ್ಟುವ ಈಸ್ಟ್ರೋಜನ್ನನ್ನು ಅಡಗಿಸಲು ವರ್ಷಗಟ್ಟಲೆ ಮಾತ್ರೆ ಬರೆದುಕೊಡುವ ವ್ಯವಸ್ಥೆಗೆ, ಅದು ಹುಟ್ಟುವ ಕೊಬ್ಬಿನ ಬಗ್ಗೆ ಐದು ನಿಮಿಷ ಮಾತನಾಡಲು ಪುರುಸೊತ್ತಿಲ್ಲ!

ಇಷ್ಟೇ ಅಲ್ಲ. 1994ರಲ್ಲಿ ಪತ್ತೆಯಾದ ಲೆಪ್ಟಿನ್ ಎಂಬ ಹಾರ್ಮೋನು ಕೊಬ್ಬಿನೊಂದಿಗೆ ಏರುತ್ತದೆ. ಪ್ರಯೋಗಾಲಯದಲ್ಲಿ ಅದು ಸ್ತನ ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ಕುಮ್ಮಕ್ಕು ಕೊಡುವುದು ಕಂಡಿದೆ. ಅದೇ ಕೊಬ್ಬು ಸ್ರವಿಸುವ ಅಡಿಪೊನೆಕ್ಟಿನ್ ಇದಕ್ಕೆ ತಡೆಯೊಡ್ಡುವಂಥದು, ಆದರೆ ಬೊಜ್ಜು ಬಂದಾಗ ಅದು ಇಳಿದುಹೋಗುತ್ತದೆ. ಇನ್ಸುಲಿನ್ ಏರಿ, ಈಸ್ಟ್ರೋಜನ್ನನ್ನು ರಕ್ತದಲ್ಲಿ ಕಟ್ಟಿಹಿಡಿಯುವ ಪ್ರೋಟೀನನ್ನು ತಗ್ಗಿಸುತ್ತದೆ, ಆಗ ಕಟ್ಟಿಲ್ಲದೆ ಓಡಾಡುವ ಈಸ್ಟ್ರೋಜನ್ ಹೆಚ್ಚುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲೇ, ಅತಿಯಾದ ಬೊಜ್ಜಿಲ್ಲದಿದ್ದರೆ 13 ಬಗೆಯ ಕ್ಯಾನ್ಸರುಗಳ ಅಪಾಯ ತಗ್ಗುತ್ತದೆ ಎಂದು ಹೇಳಿತು. ಮುಟ್ಟು ನಿಂತ ನಂತರದ ಸ್ತನ ಕ್ಯಾನ್ಸರ್ ಆ ಪಟ್ಟಿಯಲ್ಲಿದೆ. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 5 ಅಂಶ ಹೆಚ್ಚಿದರೆ ಅಪಾಯ ಸುಮಾರು 12 ಶೇಕಡಾ ಹೆಚ್ಚು ಎಂಬ ಲೆಕ್ಕ ಅದಕ್ಕೂ ಹಿಂದಿನದು, 2008ರದು. ನಿಮ್ಮ ಕರಪತ್ರದಲ್ಲಿ ಇದರ ಸುಳಿವೂ ಇಲ್ಲ. ರಿಬ್ಬನ್ನಿನ ಚಿತ್ರಕ್ಕೆ ಮಾತ್ರ ಅರ್ಧ ಪುಟ ಸಿಕ್ಕಿದೆ.

ದಪ್ಪಗಿರುವವರನ್ನು ಹೆದರಿಸಿ ಎಂದು ನಾನು ಹೇಳುತ್ತಿಲ್ಲ. ಬೊಜ್ಜಿರುವ ಬಹುಪಾಲು ಹೆಂಗಸರಿಗೆ ಈ ರೋಗ ಬರುವುದಿಲ್ಲ, ತೆಳ್ಳಗಿರುವವರಿಗೂ ಬರುತ್ತದೆ. ಮುಟ್ಟು ನಿಲ್ಲುವ ಮುನ್ನ ಲೆಕ್ಕವೇ ಬೇರೆ. ಆ ವಯಸ್ಸಿನಲ್ಲಿ ತೂಕ ಹೆಚ್ಚಿರುವವರಲ್ಲಿ ಒಟ್ಟಾರೆ ಅಪಾಯ ತುಸು ಕಡಿಮೆಯೇ ಕಂಡುಬಂದಿದೆ. ಇಂಥ ಸೂಕ್ಷ್ಮಗಳಿರುವುದರಿಂದಲೇ ಗೇಲಿ ಸಾಲದು, ತಿಳಿದವರು ಕುಳಿತು ವಿವರಿಸಬೇಕು ಎನ್ನುತ್ತಿದ್ದೇನೆ.

ಬಾಯಿಗೆ ಬೀಗವಂತೆ! ಚಿಕಿತ್ಸೆಯ ಸಮಯದಲ್ಲೇ ಅನೇಕರ ತೂಕ ಏರುತ್ತದೆ ಎಂಬುದು ಅವರಿಗೆ ಗೊತ್ತೇ? ಕೀಮೋ ಸುಸ್ತಿನಲ್ಲಿ ಹಾಸಿಗೆ ಬಿಟ್ಟು ಏಳುವುದೇ ಕಷ್ಟ. ಈ ಮಾತ್ರೆ ಶುರುವಾದಂದಿನಿಂದ ಬೆಳಿಗ್ಗೆ ಎದ್ದರೆ ಮಂಡಿ, ಬೆರಳು ಎಲ್ಲ ಬಿಗಿದುಕೊಂಡಿರುತ್ತವೆ. ಮೆಟ್ಟಿಲು ಇಳಿಯಬೇಕೆಂದರೆ ಗೋಡೆ ಹಿಡಿಯಬೇಕು. ನಡೆಯಿರಿ ಎಂದು ಹೇಳುವವರು, ಈ ನೋವಿನಲ್ಲಿ ಹೇಗೆ ನಡೆಯಬೇಕು ಎಂದು ಕಲಿಸುವ ಒಬ್ಬರನ್ನಾದರೂ ನೇಮಿಸಿದ್ದಾರೆಯೇ? ತೂಕ ಇಳಿದರೆ ರಕ್ತದಲ್ಲಿನ ಈಸ್ಟ್ರೋಜನ್ನೂ ಇಳಿಯುತ್ತದೆ. ಇಳಿಸುವ ದಾರಿಯನ್ನು ತೋರಿಸುವವರು ಬೇಕು.

ಆದ್ದರಿಂದ ನನ್ನ ಬೇಡಿಕೆ ಇದು: ಸ್ತನ ಕ್ಯಾನ್ಸರಿನ ತಪಾಸಣೆ ಮತ್ತು ಚಿಕಿತ್ಸೆ ಎರಡರಲ್ಲೂ ತೂಕದ ಸಲಹೆಯನ್ನು ಕಡ್ಡಾಯ ಭಾಗವಾಗಿಸಿ. ಪ್ರತಿ ಕ್ಯಾನ್ಸರ್ ವಿಭಾಗದಲ್ಲಿ ಒಬ್ಬ ಆಹಾರ ತಜ್ಞರು, ಒಬ್ಬ ವ್ಯಾಯಾಮ ಚಿಕಿತ್ಸಕರು ಇರಲಿ. ಮುಟ್ಟು ನಿಂತ ಹೆಂಗಸು ಮ್ಯಾಮೊಗ್ರಾಮಿಗೆ ಬಂದ ದಿನವೇ ಸೊಂಟದ ಸುತ್ತಳತೆ ನೋಡಿ, ಅದೇಕೆ ಮುಖ್ಯ ಎಂದು ಮರ್ಯಾದೆಯಿಂದ ತಿಳಿಸಲಿ. ಮತ್ತೊಮ್ಮೆ ಹೇಳುತ್ತೇನೆ, ತೂಕದ ಸಲಹೆಯನ್ನು ಚಿಕಿತ್ಸೆಯ ಭಾಗವಾಗಿಸಿ. ಹೊಸ ಯಂತ್ರ, ಹೊಸ ಕಟ್ಟಡ ಯಾವುದೂ ಬೇಕಿಲ್ಲ; ಉದ್ಘಾಟನೆಗೆ ಅವಕಾಶವಿಲ್ಲದ ಕೆಲಸವಾದ್ದರಿಂದ ತಡವಾಗುತ್ತಿದೆಯೇನೋ.

ಈ ಬಗ್ಗೆ ಆದೇಶ ಹೊರಡಿಸುತ್ತೀರೋ ಇಲ್ಲವೋ ಎಂಬುದನ್ನು ಲಿಖಿತವಾಗಿ ತಿಳಿಸಿ. ದಯವಿಟ್ಟು ಇನ್ನೊಂದು ಸಭೆಗೆ ಮಾತ್ರ ಕರೆಯಬೇಡಿ.

ಇಂತಿ,
ನಿಮ್ಮ ಇಲಾಖೆಯ ಕಡತದಲ್ಲಿ ತೂಕವಷ್ಟೇ ದಾಖಲಾಗಿರುವ ಒಬ್ಬ ರೋಗಿ