ಶಾಸಕರೇ, ನನ್ನ ಅಂಗಡಿಯ ಉದ್ರಿ ಪುಸ್ತಕ ಒಮ್ಮೆ ನೋಡಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಕೊಪ್ಪಳ ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ಝೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ ಇಟ್ಟುಕೊಂಡವನು. ನನ್ನ ಹೆಂಡತಿ ಇಲ್ಲೇ ಹತ್ತಿರದ ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಈ ಪತ್ರ ಅವಳೇ ಬರೆಯಬೇಕಿತ್ತು. ಆದರೆ ಸರ್ಕಾರಿ ನೌಕರರಿಗೆ 2021ರ ನಡತೆ ನಿಯಮ ಅಂತ ಒಂದಿದೆಯಲ್ಲ, ಬಾಯಿ ಬಿಟ್ಟರೆ ನೋಟಿಸ್. ಝೆರಾಕ್ಸ್ ಅಂಗಡಿಯವನಿಗೆ ಯಾವ ನಡತೆ ನಿಯಮವೂ ಇಲ್ಲ. ಹಾಗಾಗಿ ನಾನು ಬರೆಯುತ್ತಿದ್ದೇನೆ. ಅವಳಿಗೆ ಹೇಳಿಲ್ಲ. ಗೊತ್ತಾದ ಮೇಲೆ ಮನೆಯಲ್ಲಿ ಏನಾಗುತ್ತದೋ, ಅದು ನನ್ನ ಹಣೆಬರಹ.

ಕೇಳುವುದು ಒಂದೇ. ಮಕ್ಕಳ ಕಾರ್ಯಕ್ರಮಕ್ಕೆ, ಶಿಕ್ಷಕರ ತರಬೇತಿಗೆ ಆಗುವ ಖರ್ಚಿನ ದುಡ್ಡು ಮೊದಲು ಶಾಲೆಯ ಖಾತೆಗೆ ಬರಲಿ. ಆದೇಶ ಆಮೇಲೆ ಬರಲಿ. ಈಗ ಆದೇಶ ಒಂದೇ ಬರುತ್ತಿದೆ.

ಇಷ್ಟು ವರ್ಷ ಸುಮ್ನೆ ಇದ್ದವನು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಕಳೆದ ಸೋಮವಾರ ರಾತ್ರಿ 9.40ಕ್ಕೆ ಹೆಂಡತಿಯ ಫೋನಿಗೆ ಒಂದು ವಾಟ್ಸಾಪ್ ಬಂತು. ಈ ಸಲದ ಕ್ಲಸ್ಟರ್ ಮಟ್ಟದ, ಅಂದರೆ ಸುತ್ತಲಿನ ಶಾಲೆಗಳೆಲ್ಲಾ ಸೇರುವ, ಪ್ರತಿಭಾ ಕಾರಂಜಿ ಸ್ಪರ್ಧೆ ಇವರ ಶಾಲೆಯಲ್ಲೇ ನಡೆಯಬೇಕಂತೆ. ಶಾಮಿಯಾನ, ಮೈಕು, ಮಕ್ಕಳಿಗೆ ಊಟ, ತೀರ್ಪುಗಾರರಿಗೆ ಊಟ, ಪ್ರಮಾಣಪತ್ರ, ಬಹುಮಾನ ಎಲ್ಲವನ್ನೂ ಪಟ್ಟಿ ಮಾಡಿ ಕೊನೆಗೆ ಒಂದು ಸಾಲು: 'ಸ್ಥಳೀಯ ದಾನಿಗಳ ನೆರವು ಪಡೆದು ಅಚ್ಚುಕಟ್ಟಾಗಿ ನಡೆಸತಕ್ಕದ್ದು.' ಅವಳು ಫೋನು ನನ್ನ ಕಡೆ ತಿರುಗಿಸಿ ನಕ್ಕಳು. ಆ ದಾನಿ ಯಾರು ಅಂತ ನನಗೂ ಗೊತ್ತು, ಅವಳಿಗೂ ಗೊತ್ತು. ಊಟ ಮಾಡುತ್ತಿದ್ದವನಿಗೆ ರೊಟ್ಟಿ ಗಂಟಲಲ್ಲೇ ನಿಂತಿತು.

ನನ್ನ ಅಂಗಡಿಯಲ್ಲಿ ಒಂದು ಉದ್ರಿ ಪುಸ್ತಕ ಇದೆ. ಕೆಂಪು ರಟ್ಟಿನದು. ಅದರಲ್ಲಿ ಅರ್ಧ ಪುಸ್ತಕ ಶಿಕ್ಷಕರದ್ದೇ. ನೀವು ಬಂದು ನೋಡಬಹುದು, ಚಹಾ ಖರ್ಚು ನನ್ನದು. ಚಾರ್ಟ್ ಪೇಪರ್ 12. ಸ್ಕೆಚ್ ಪೆನ್ 4 ಡಬ್ಬಿ. ಥರ್ಮಾಕೋಲ್ 3. ತರಬೇತಿ ಪ್ರಮಾಣಪತ್ರ ಕಲರ್ ಪ್ರಿಂಟ್ 6. ಇನ್ನೊಂದು ಪುಟದಲ್ಲಿ ಕಣ್ಣಿಗೆ ಹಚ್ಚುವ ಕಾಡಿಗೆ, ಟಿಕಳಿ ಪಾಕೀಟು, ಬಂಗಾರ ಬಣ್ಣದ ಪೇಪರ್. ಅದು ಯಾರೋ ಒಬ್ಬ ಮೇಷ್ಟ್ರು ಛದ್ಮವೇಷಕ್ಕೆ ಕಿತ್ತೂರು ಚೆನ್ನಮ್ಮನ ಕಿರೀಟ ಮಾಡಲು ಒಯ್ದದ್ದು. ಇದರಲ್ಲಿ ಒಂದಾದರೂ ಅವರ ಮನೆಗೆ ಬೇಕಾದ ಸಾಮಾನೇ? ಎಲ್ಲಾ ಶಾಲೆಗೆ. ತೀರಿಸುವುದು ಮಾತ್ರ ಅವರವರ ಪಗಾರದಲ್ಲಿ, ತಿಂಗಳ ಮೊದಲ ವಾರ, ಒಬ್ಬೊಬ್ಬರಾಗಿ ಬಂದು. ಕೆಲವರು ಬಾಕಿ ಕೇಳುವ ಮೊದಲೇ 'ಬಿಲ್ಲು ಆಗಿಲ್ಲ ಅಣ್ಣಾ' ಅಂತ ಶುರು ಮಾಡುತ್ತಾರೆ. ಬಿಲ್ಲು ಆಗುವುದಿಲ್ಲ ಅಂತ ನನಗೂ ಗೊತ್ತಿರುವುದರಿಂದ ನಾನೂ ಜಾಸ್ತಿ ಕೇಳುವುದಿಲ್ಲ.

ಶಾಲಾ ಅನುದಾನ ಇದೆಯಲ್ಲ ಅಂತ ನಿಮ್ಮ ಪಿಎ ಹೇಳಬಹುದು. ನಿಯಮ ನಿಮಗೆ ಗೊತ್ತೇ ಇದೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ. ಇವರ ಶಾಲೆಯಲ್ಲಿ 140 ಮಕ್ಕಳು. ಅದರಲ್ಲೇ ಕರೆಂಟು, ಸೀಮೆಸುಣ್ಣ, ಬಲ್ಬು, ನಲ್ಲಿ ರಿಪೇರಿ. ಹತ್ತರಲ್ಲಿ ಒಂದು ಪಾಲು ಸ್ವಚ್ಛತೆಗೇ ಹೋಗಬೇಕು. ಹೋದ ವರ್ಷ ಆ ದುಡ್ಡಿನ ದೊಡ್ಡ ಕಂತು ಬಂದದ್ದು ಫೆಬ್ರವರಿ ಕೊನೆಗೆ, ಮಾರ್ಚ್ 31ರೊಳಗೆ ಖರ್ಚು ತೋರಿಸಿ ಅಂತ ತಾಕೀತಿನ ಜೊತೆಗೆ. ನವೆಂಬರಿನಲ್ಲಿ ಮಕ್ಕಳನ್ನು ಸ್ಪರ್ಧೆಗೆ ಕರೆದುಕೊಂಡು ಹೋಗುವಾಗ ಫೆಬ್ರವರಿ ದುಡ್ಡು ಎಲ್ಲಿಂದ ತರಬೇಕು? ಹಿಂದೆ ಸರ್ವ ಶಿಕ್ಷಣ ಅಭಿಯಾನ ಇದ್ದಾಗ ಪ್ರತಿ ಶಿಕ್ಷಕರಿಗೂ ಕಲಿಕೋಪಕರಣಕ್ಕೆ ಅಂತ ವರ್ಷಕ್ಕೆ 500 ರೂಪಾಯಿ ಬರುತ್ತಿತ್ತು. ಐನೂರು ಏನು ದೊಡ್ಡದು ಅನ್ನಬೇಡಿ. ಆ ದುಡ್ಡು ಬಂದ ವಾರ ನನ್ನ ಅಂಗಡಿಯಲ್ಲಿ ಟೀಚರುಗಳು ನಗದು ಕೊಟ್ಟು ಸಾಮಾನು ಒಯ್ಯುತ್ತಿದ್ದರು. ಆ ಮುಖಗಳೇ ಬೇರೆ ಇದ್ದವು.

ಈಗ ಹೋದ ನವೆಂಬರಿನ ಕಥೆ ಹೇಳುತ್ತೇನೆ. ಉದ್ದ ಇದೆ, ಆದರೆ ಕೇಳಬೇಕು. ಯಾಕಂದರೆ ಅದರಲ್ಲಿ ನೀವೂ ಇದ್ದೀರಿ.

ತಾಲೂಕು ಮಟ್ಟದ ಪ್ರತಿಭಾ ಕಾರಂಜಿ. ಇವರ ಶಾಲೆಯಿಂದ 11 ಮಕ್ಕಳು ಆಯ್ಕೆಯಾಗಿದ್ದರು. ಜಾನಪದ ನೃತ್ಯಕ್ಕೆ ಆರು ಜನ, ಆರೂ ಹುಡುಗಿಯರು. ಯಾಕೆ ಗೊತ್ತಾ? ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಬಸ್ ಫ್ರೀ. ಕುಣಿತ ಚೆನ್ನಾಗಿ ಬರುತ್ತಿದ್ದ ಇಬ್ಬರು ಹುಡುಗರನ್ನು ನನ್ನ ಹೆಂಡತಿ ಬಸ್ ಚಾರ್ಜಿನ ಲೆಕ್ಕ ಹಾಕಿ ಬಿಟ್ಟಳು. ಅದನ್ನು ನನಗೆ ಹೇಳುವಾಗ ಅವಳು ಮುಖ ಎತ್ತಲಿಲ್ಲ. ಇಷ್ಟು ಲೆಕ್ಕ ಹಾಕಿದರೂ ಕೊನೆಗೆ ಏನಾಯಿತು ಅಂದರೆ, ಮಕ್ಕಳು 9 ಗಂಟೆಗೆ ಹಾಜರಿರಬೇಕು ಅಂತ ಸೂಚನೆ, ಆ ಹಳ್ಳಿಗೆ ಬೆಳಗಿನ ಬಸ್ಸು ಬರುವುದೇ 9.30ಕ್ಕೆ. ಬಾಡಿಗೆಗೆ ಕ್ರೂಸರ್ ಗಾಡಿ ಮಾಡಿದೆವು, 2,400 ರೂಪಾಯಿ. ವೇಷದ ಬಾಡಿಗೆ ಆರು ಜನರಿಗೆ 1,500. ಮಧ್ಯಾಹ್ನ 11 ಪ್ಲೇಟ್ ಪಲಾವ್ 440. ಚಿಲ್ಲರೆ ಸಾಮಾನು 310. ಒಟ್ಟು 4,650. ಎಲ್ಲಾ ಬಿಲ್ಲು ಹಚ್ಚಿ ಕೊಟ್ಟು ಹತ್ತು ತಿಂಗಳಾಯಿತು. ನಾನು ಶಾಲೆಗೆ ಝೆರಾಕ್ಸ್ ಮಾಡಿಕೊಟ್ಟ ಆ ಬಿಲ್ಲಿನ ಪ್ರತಿಗಳೇ ನಾಲ್ಕು ಸೆಟ್, ಪ್ರತಿ ಸಲ 'ಕಳೆದುಹೋಗಿದೆ, ಇನ್ನೊಂದು ಕೊಡಿ' ಅಂತ.

ದುಡ್ಡು ಹಾಳಾಗಿ ಹೋಗಲಿ. ಆ 11 ಮಕ್ಕಳಲ್ಲಿ ಆರನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಳು. ಕ್ಲೇ ಮಾಡೆಲಿಂಗ್‌ಗೆ ಬಂದಿದ್ದಳು. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಅವರ ಓಣಿಗೆಲ್ಲಾ ಎತ್ತು ಮಾಡಿ ಕೊಡುವುದು ಅವಳೇ. ಅಂಗಡಿ ಎತ್ತು ಯಾರೂ ಕೊಳ್ಳುವುದಿಲ್ಲ. ಆ ದಿನಕ್ಕೆ ಅಂತ ಅವಳು ಕುಂಬಾರರ ಮನೆಯಿಂದ ಹದ ಮಾಡಿದ ಮಣ್ಣು ತಂದಿದ್ದಳು. ಅಮ್ಮನ ಹಳೇ ಸೀರೆ ತುಂಡನ್ನು ನೀರಲ್ಲಿ ಅದ್ದಿ, ಅದರಲ್ಲಿ ಮಣ್ಣಿನ ಮುದ್ದೆ ಸುತ್ತಿ, ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡು ಕ್ರೂಸರಿನ ಕೊನೆಯ ಸೀಟಿನಲ್ಲಿ ಕೂತಿದ್ದಳು. ಲಂಗವೆಲ್ಲಾ ಒದ್ದೆ.

ಉದ್ಘಾಟನೆ 10 ಗಂಟೆಗೆ. ಉದ್ಘಾಟಕರು ನೀವು. ಉದ್ಘಾಟನೆ ಆಗದೆ ಸ್ಪರ್ಧೆ ಶುರು ಮಾಡುವ ಹಾಗಿಲ್ಲ ಅಂತ ಮೈಕಿನಲ್ಲಿ ಹೇಳಿದರು. 11 ಆಯಿತು. 12 ಆಯಿತು. ಅವಳು ಬಾಟಲಿಯಲ್ಲಿ ಕುಡಿಯಲು ತಂದ ನೀರನ್ನು ಬಟ್ಟೆ ಮೇಲೆ ಚಿಮುಕಿಸುತ್ತಿದ್ದಳು. 'ಟೀಚರ್, ಮಣ್ಣು ಒಣಗಾಕತ್ತೈತಿ' ಅಂತ ಮೂರು ಸಲ ಬಂದು ಹೇಳಿದಳು. ನನ್ನ ಹೆಂಡತಿ ಹೋಗಿ ಕೇಳಿದಳು, ಕ್ಲೇ ಮಾಡೆಲಿಂಗ್ ಒಂದನ್ನಾದರೂ ಒಳಗೆ ಶುರು ಮಾಡಿ ಅಂತ. 'ಸಾಹೇಬರು ಬರುವಾಗ ಮಕ್ಕಳು ಪೆಂಡಾಲಿನಲ್ಲಿ ಇರಬೇಕು' ಅನ್ನುವ ಉತ್ತರ ಬಂತು. ನೀವು ಬಂದದ್ದು 1.20ಕ್ಕೆ. ಹಾರ, ಶಾಲು, ನಾಡಗೀತೆ, ಒಂಬತ್ತು ಜನರ ಸ್ವಾಗತ. ನಿಮ್ಮ ಭಾಷಣದಲ್ಲಿ ನೀವು ಹೇಳಿದ ಒಂದು ಮಾತು ನನಗೆ ಚೆನ್ನಾಗಿ ನೆನಪಿದೆ. ಕಿನ್ನಾಳದ ಗೊಂಬೆ ಕಲೆ ನಮ್ಮ ಜಿಲ್ಲೆಯ ಹೆಮ್ಮೆ, ಮಕ್ಕಳ ಕೈಯಲ್ಲಿ ಅದು ಉಳಿಯಬೇಕು ಅಂದಿರಿ. ಚಪ್ಪಾಳೆ ಬಿತ್ತು. ನಾನೂ ಹೊಡೆದೆ, ಅಭ್ಯಾಸ ಬಲ. ಅಲ್ಲಿಂದ ಹತ್ತು ಮಾರು ದೂರದಲ್ಲಿ ಆ ಹುಡುಗಿ ಗಟ್ಟಿಯಾದ ಮಣ್ಣನ್ನು ಮೊಣಕಾಲ ಮೇಲಿಟ್ಟು ಅಂಗೈಯಲ್ಲಿ ಗುದ್ದುತ್ತಾ ಕೂತಿದ್ದಳು.

ಸ್ಪರ್ಧೆ ಶುರುವಾದಾಗ ಮೂರು ದಾಟಿತ್ತು. ಒಂದು ತಾಸಿನ ಸ್ಪರ್ಧೆಯನ್ನು 25 ನಿಮಿಷಕ್ಕೆ ಇಳಿಸಿದರು. ವಿಷಯ ರೈತ. ಅವಳು ಎತ್ತಿನ ಬಂಡಿ ಮಾಡಿದಳು. ಬಂಡಿ ನಿಂತಿತು. ಎತ್ತಿನ ಕೊಂಬು ನಿಲ್ಲಲಿಲ್ಲ, ಒಣ ಮಣ್ಣು ಬಿರುಕು ಬಿಟ್ಟು ಎರಡೂ ಸಲ ಮುರಿದು ಬಿತ್ತು. ಕೊಂಬಿಲ್ಲದ ಎತ್ತು ಬಿಟ್ಟು ಎದ್ದು ಬಂದಳು. ಅಳಲಿಲ್ಲ. ಕ್ರೂಸರಿನಲ್ಲಿ ವಾಪಸ್ ಬರುವಾಗ 'ಹೋರಿ ಅಲ್ಲ ಟೀಚರ್, ಅದು ಕರು ಅಂತ ಬರಕೊಳ್ಳಲಿ' ಅಂದಳು. ಎಲ್ಲರೂ ನಕ್ಕರು. ನನ್ನ ಹೆಂಡತಿ ಕಿಟಕಿ ಕಡೆ ನೋಡುತ್ತಾ ಕೂತಳು.

ನಿಮಗೆ ಅವತ್ತು ಬೇರೆ ಕೆಲಸ ಇತ್ತು ಅಂತ ಗೊತ್ತು. ಶಾಸಕರಿಗೆ ನೂರೆಂಟು ಇರುತ್ತವೆ, ಒಪ್ಪುತ್ತೇನೆ. ಹಾಗಿದ್ದರೆ ಬರುತ್ತೇನೆ ಅಂತ ಒಪ್ಪಿಕೊಳ್ಳಬೇಡಿ, ಅಲ್ವಾ? ನೀವು ಬರದಿದ್ದರೆ ಮಕ್ಕಳಿಗೆ ಏನೂ ಬೇಜಾರಿಲ್ಲ. ದುಡ್ಡು ಬಂದರೆ ಸಾಕು.

ತರಬೇತಿ ಕಥೆಯೂ ಇದೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ತರಬೇತಿ ಬೇಕು ಅಂತ ಇದೆ. ಆ ನೀತಿ ಬೇಕೋ ಬೇಡವೋ ಅಂತ ನೀವು ಮೇಲೆ ಜಗಳ ಆಡಿಕೊಳ್ಳಿ. ಕೆಳಗೆ ನಡೆಯುವುದು ಏನು? ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಕೋರ್ಸು. ಫೋನು ಅವಳದು, ಡೇಟಾ ಅವಳದು, ರಾತ್ರಿ ಅಡುಗೆ ಆದ ಮೇಲಿನ ಹೊತ್ತೂ ಅವಳದು. ಸತ್ಯ ಹೇಳಬೇಕೆಂದರೆ ನನ್ನ ಅಂಗಡಿ ಕಂಪ್ಯೂಟರಿನಲ್ಲಿ ವಿಡಿಯೋ ಓಡಲು ಬಿಟ್ಟು ಚಹಾಕ್ಕೆ ಹೋದ ಮೇಷ್ಟ್ರುಗಳನ್ನೂ ನೋಡಿದ್ದೇನೆ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಎದುರಾ ಎದುರು ಕೂರಿಸಿ ಮಾಡುವ ತರಬೇತಿಯಾದರೆ ಇವಳಿಗೂ ಇಷ್ಟ. ಹೊಸದಾಗಿ, ಆಟ-ಹಾಡಿನಲ್ಲಿ ಕಲಿಸುವ ನಲಿ-ಕಲಿ ತರಬೇತಿಗೆ ಹೋಗಿ ಬಂದಾಗ ಮನೆಯಲ್ಲಿ ನಮ್ಮ ಮಗನ ಮೇಲೇ ಆ ಹಾಡುಗಳನ್ನು ಪ್ರಯೋಗ ಮಾಡುತ್ತಿದ್ದಳು. ಈಗ ತರಬೇತಿ ಅಂದರೆ ಮೊದಲು ಪರ್ಸು ನೋಡುತ್ತಾಳೆ. ಐದು ದಿನ, ದಿನಾ ಎರಡು ಬಸ್ಸು ಬದಲಿಸಿ, ಬಸ್ಸು ಸಿಗದ ಕಡೆ ಟಂಟಂಗೆ ದುಡ್ಡು ಕೊಟ್ಟು ಹೋಗಿ ಬರುವುದು. ಪ್ರಯಾಣ ಭತ್ಯೆಯ ಫಾರಂ ತುಂಬುತ್ತಾಳೆ, ಸಹಿ ಹಾಕುತ್ತಾಳೆ. ಆ ಫಾರಂ ಎಲ್ಲಿಗೆ ಹೋಗುತ್ತದೆ ಅಂತ ದೇವರಿಗೇ ಗೊತ್ತು. ಅದರ ಝೆರಾಕ್ಸೂ ನನ್ನದೇ.

ದುಡ್ಡು ಮೊದಲೇ ಕೊಡುವ ಪದ್ಧತಿ ಇಲ್ಲ ಅನ್ನಬೇಡಿ. ಇನ್‌ಸ್ಪೈರ್ ಅವಾರ್ಡ್ ಮಾನಕ್ ಅಂತ ಕೇಂದ್ರದ ಯೋಜನೆ ಇದೆ. ವಿಜ್ಞಾನದ ಐಡಿಯಾ ಆಯ್ಕೆಯಾದರೆ ಮಗುವಿನ ಖಾತೆಗೇ 10,000 ರೂಪಾಯಿ ಬೀಳುತ್ತದೆ, ಮಾಡೆಲ್ ಮಾಡಲು. ಇದೇ ಶಾಲೆಯ ಹುಡುಗನಿಗೆ ಬಂದಿತ್ತು. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಸಾಧನ ಮಾಡಿದ, ನನ್ನ ಅಂಗಡಿಯಲ್ಲಿ ನಗದು ಕೊಟ್ಟು ಸಾಮಾನು ತಗೊಂಡ, ರಸೀದಿ ಕೇಳಿ ಪಡೆದ. ದಿಲ್ಲಿಯಿಂದ ಹಳ್ಳಿ ಹುಡುಗನ ಖಾತೆಗೆ ಬರುವ ದುಡ್ಡು ತಾಲೂಕಿನಿಂದ ಶಾಲೆಗೆ ಬರಲು ಏನು ಅಡ್ಡಿ? ಬಿಸಿಯೂಟದ ಮೊಟ್ಟೆಗೆ ಸರ್ಕಾರ 6 ರೂಪಾಯಿ ಅಂತ ಇಟ್ಟು, ಅದರಲ್ಲಿ ಸಿಪ್ಪೆ ಸುಲಿಯಲು 30 ಪೈಸೆ ಅಂತ ಬೇರೆ ತೆಗೆದಿಟ್ಟಿದೆ. ಸಿಪ್ಪೆಗೂ ಪೈಸೆ ಲೆಕ್ಕ ಹಾಕಬಲ್ಲ ಜಾಣರಿಗೆ 11 ಮಕ್ಕಳ ಕ್ರೂಸರ್ ಬಾಡಿಗೆ ನೆನಪಾಗುವುದಿಲ್ಲವೇ?

ನಮ್ಮ ಭಾಗಕ್ಕೆ ಸಂವಿಧಾನದ 371ಜೆ ವಿಶೇಷ ಸ್ಥಾನಮಾನ ಬಂದಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ 5,000 ಕೋಟಿ ಅಂತ ಪೇಪರಿನಲ್ಲಿ ಓದುತ್ತೇವೆ. ನಿಮ್ಮ ಕೈಯಲ್ಲೇ ವರ್ಷಕ್ಕೆ 2 ಕೋಟಿಯ ಪ್ರದೇಶಾಭಿವೃದ್ಧಿ ನಿಧಿ ಇದೆ. ನಮ್ಮ ಸರ್ಕಲ್ಲಿಗೆ ಹೈಮಾಸ್ಟ್ ದೀಪ ಬಂತು, ಸಂತೋಷ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಕಡೆಯ ಜಿಲ್ಲೆಗಳು ಯಾಕೆ ಕೆಳಗೆ ಅಂತ ಸಭೆ ಕರೆದು ಶಿಕ್ಷಕರನ್ನು ನಿಲ್ಲಿಸಿ ಕೇಳುತ್ತೀರಿ. ಕೇಳಿ, ಕೇಳುವ ಹಕ್ಕಿದೆ. ಆ ಸಭೆಯ ಬ್ಯಾನರ್ ದುಡ್ಡು ಯಾರು ಕೊಟ್ಟರು ಅಂತಲೂ ಒಮ್ಮೆ ಕೇಳಿ.

ಹಾಗಾಗಿ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮಕ್ಕಳ ಪ್ರಯಾಣ, ಊಟ, ವೇಷದ ದುಡ್ಡು ಸ್ಪರ್ಧೆಗೆ ಒಂದು ವಾರ ಮೊದಲು ಶಾಲೆಯ ಖಾತೆಗೆ ಬರಬೇಕು. ತರಬೇತಿಯ ಭತ್ಯೆ ತರಬೇತಿ ಮುಗಿಯುವ ದಿನವೇ ಸಿಗಬೇಕು. ಹೋದ ವರ್ಷದ ಬಾಕಿ ಈ ವರ್ಷದ ಆದೇಶಕ್ಕಿಂತ ಮುಂಚೆ ತೀರಬೇಕು. 'ದಾನಿಗಳ ನೆರವು' ಅನ್ನುವ ಸಾಲನ್ನು ಆದೇಶದಿಂದ ತೆಗೆಸಿ. ನೀವು ಒಂದು ಮಾತು ಹೇಳಿದರೆ ಆಗುತ್ತದೆ. ನಿಮಗಾಗಿ ಮೂರು ತಾಸಿನ ಮೇಲೆ ಸ್ಪರ್ಧೆ ನಿಲ್ಲಿಸಿದವರು ನಿಮ್ಮ ಒಂದು ಮಾತು ಕೇಳುವುದಿಲ್ಲವೇ? ದುಡ್ಡು ಮೊದಲು, ಆದೇಶ ಆಮೇಲೆ.

ಕ್ಲಸ್ಟರ್ ಕಾರ್ಯಕ್ರಮ ಬರುವ 20ಕ್ಕೆ. ಶಾಮಿಯಾನದವನು ಮುಂಗಡ ಕೇಳಿದ್ದಾನೆ, ಕೊಟ್ಟಿದ್ದೇನೆ, ಉದ್ರಿ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಬರೆದುಕೊಂಡಿದ್ದೇನೆ. ಆ ಹುಡುಗಿ ಈಗ ಏಳನೇ ಕ್ಲಾಸು. ಈ ಸಲವೂ ಮಣ್ಣಿನ ಕೆಲಸಕ್ಕೇ ಹೆಸರು ಕೊಟ್ಟಿದ್ದಾಳೆ. ಗಟ್ಟಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ ಅಂಗಡಿಯಿಂದ ಕೊಟ್ಟಿದ್ದೇನೆ. ಅದರಲ್ಲಿ ಹಸಿ ಮಣ್ಣು ನಾಲ್ಕು ತಾಸು ತಡೆಯುತ್ತದೆ, ನಾನೇ ಇಟ್ಟು ನೋಡಿದ್ದೇನೆ. ತಾಲೂಕು ಮಟ್ಟಕ್ಕೆ ಅವಳು ಬಂದಾಗ ನೀವು ಅದಕ್ಕಿಂತ ತಡ ಮಾಡುವ ಹಾಗಿದ್ದರೆ ದಯವಿಟ್ಟು ಹಿಂದಿನ ದಿನವೇ ಒಂದು ಫೋನ್ ಮಾಡಿಸಿ. ದೊಡ್ಡ ಡಬ್ಬಿ ತರಿಸುತ್ತೇನೆ.

ಇತಿ,
ಝೆರಾಕ್ಸ್ ಅಂಗಡಿಯವನು
ಕೊಪ್ಪಳ ಜಿಲ್ಲೆ